ಇಸ್ತ್ರಿಯಕ್ಕನ ಬಾಗಿಲೆದುರಿನ ಕಟ್ಟೆ

ಇಸ್ತ್ರಿಯಕ್ಕನ ತಳ್ಳುಗಾಡಿಯ ಉದ್ದ ಐದೂವರೆ ಅಡಿ. ಅವಳ ಹೊಸ್ತಿಲಿನಿಂದ ಎದುರು ಗೋಡೆಗೆ ಇದ್ದ ಜಾಗ ಆರಡಿ. ದಿನಾ ಬೆಳಗ್ಗೆ ಗಾಡಿಯನ್ನು ಒಳಗಿನಿಂದ ನೇರವಾಗಿ ತಳ್ಳಿ, ಮುಂದಿನ ಚಕ್ರ ಎದುರು ಗೋಡೆಗೆ ತಾಕಿತೋ ಇಲ್ಲವೋ ಎನ್ನುವಷ್ಟರಲ್ಲಿ ಸೊಂಟದಿಂದ ಒಂದು ನೂಕು ನೂಕಿ ಎಡಕ್ಕೆ ಹೊರಳಿಸಿದಳೆಂದರೆ ಗಾಡಿ ಗಲ್ಲಿಗೆ ಬಿತ್ತು. ಒಂದು ದಿನವೂ ಗೋಡೆಯ ಸುಣ್ಣ ಕೆರೆದದ್ದಿಲ್ಲ. ಸೈಕಲ್ಲನ್ನೇ ನಾಲ್ಕು ಸಲ ಹಿಂದೆ ಮುಂದೆ ಮಾಡಿ ತಿರುಗಿಸುವ ಗಲ್ಲಿಯ ಗಂಡಸರು ಅದನ್ನು ನೋಡಿ, "ಅಕ್ಕಾ, ನಿನಗೆ ಲಾರಿ ಕೊಟ್ರೂ ಓಡಿಸ್ತೀಯ ಬಿಡು" ಎನ್ನುತ್ತಿದ್ದರು.

"ಮೊದಲು ಲಾರಿ ಕೊಡು, ಆಮೇಲೆ ಮಾತಾಡು" ಎಂದು ಹೇಳಿಕೊಂಡೇ ಅವಳು ಮುಂದೆ ಹೋಗುತ್ತಿದ್ದಳು.

ಗಾಡಿ ಮಾಡಿಕೊಟ್ಟವನು ಅವಳ ಗಂಡ. ಬಡಗಿ. ಮಾತು ಕಡಿಮೆ, ಅಳತೆ ಜಾಸ್ತಿ. ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡೇ ನಿದ್ದೆಹೋಗುತ್ತಿದ್ದವನು. ಬೀದಿಯ ಲಾಡ್ಜಿನಿಂದ ಇಸ್ತ್ರಿಗೆ ಬರುವ ಬೆಡ್‌ಶೀಟು ನಾಲ್ಕು ಮಡಿಕೆಯಾಗಿ ಪೂರ್ತಿ ಮಲಗಬೇಕು, ಗಲ್ಲಿಯಲ್ಲಿ ಗಾಡಿಯೂ ತಿರುಗಬೇಕು ಎಂದು ಮೂರು ದಿನ ಹೊಸ್ತಿಲ ಮೇಲೆ ನಿಂತು ಅಳೆದೂ ಅಳೆದೂ ಐದೂವರೆ ಅಡಿ ಎಂದು ಗೀಟು ಹಾಕಿದ್ದ. ಗಾಡಿ ಮಾಡಿದ ಎರಡನೆಯ ವರ್ಷ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಮನೆಯಲ್ಲಿ ಉಳಿದದ್ದು ಅತ್ತೆ, ಸೊಸೆ, ಗಾಡಿ.

ಇಸ್ತ್ರಿಪೆಟ್ಟಿಗೆ ಅತ್ತೆಯದು. ಕೆಂಡ ತುಂಬುವ ಹಿತ್ತಾಳೆಯ ಪೆಟ್ಟಿಗೆ, ಎತ್ತಿದರೆ ಮಗುವಿನ ಭಾರ. ಅತ್ತೆ ಮೂವತ್ತು ವರ್ಷ ಬೀದಿಯ ಮೂಲೆಯ ಮರದಡಿ ಕಲ್ಲುಚಪ್ಪಡಿಯ ಮೇಲೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದವಳು. ನಿಂತೂ ನಿಂತೂ ಮೊಣಕಾಲು ಎರಡೂ ಹೋದ ಮೇಲೆ ಪೆಟ್ಟಿಗೆಯನ್ನು ಸೊಸೆಯ ಕೈಗೆ ಕೊಟ್ಟು, "ಬಟ್ಟೆ ಸುಟ್ರೆ ನನ್ನ ಹೆಸರು ಹೇಳ್ಬೇಡ" ಎಂದಿದ್ದಳು. ಆಮೇಲೆ ಐದು ವರ್ಷ ಹೇಗೋ ಕುಂಟುತ್ತ ಓಡಾಡಿದವಳು, ಈಚಿನ ಆರು ವರ್ಷ ಹೊಸ್ತಿಲನ್ನೇ ದಾಟಿರಲಿಲ್ಲ. ನೆಲದಲ್ಲಿ ಕೂತರೆ ಏಳಲಾಗದು. ಗಲ್ಲಿಯಲ್ಲಿ ಕುರ್ಚಿ ಹಾಕಿಕೊಂಡರೆ ಹೋಗುವ ಬರುವ ಸೈಕಲ್ಲುಗಳೆಲ್ಲ ಬೈದುಕೊಂಡು ಹೋಗುತ್ತಿದ್ದವು. ನಡುಮನೆಯ ಮಂಚದ ಮೇಲೆ ಕೂತು, ತೆರೆದ ಬಾಗಿಲಿನಲ್ಲಿ ಎಷ್ಟು ಗಲ್ಲಿ ಕಾಣುತ್ತದೋ ಅಷ್ಟಕ್ಕೇ ಅವಳು ದೊರೆ. ದಾಟಿಹೋದವರನ್ನೆಲ್ಲ ಕೂಗಿ ಮಾತಾಡಿಸುತ್ತಿದ್ದಳು. ಗಲ್ಲಿಯವರು ಅವಳನ್ನು ರೇಡಿಯೋ ಅಜ್ಜಿ ಎನ್ನುತ್ತಿದ್ದರು.

ಇಸ್ತ್ರಿಯಕ್ಕನಿಗೆ ಆ ಬೀದಿಯ ಅರ್ಧ ಜನರ ಗುಟ್ಟು ಬಟ್ಟೆಯಿಂದಲೇ ಗೊತ್ತು. ಯಾರ ಹೊಟ್ಟೆ ಬೆಳೆದಿದೆ, ಯಾರ ಪ್ಯಾಂಟಿನ ಮಂಡಿ ಸವೆದಿದೆ, ಯಾವ ಮನೆಯ ಗಂಡನ ಅಂಗಿ ವಾರದಿಂದ ಬರುತ್ತಿಲ್ಲ, ಎಲ್ಲ. ಆದರೆ ಬಾಯಿ ಬಿಡುತ್ತಿರಲಿಲ್ಲ. ಇಸ್ತ್ರಿಯವಳು ಮಡಿಕೆ ಬಿಡಿಸಬಾರದು, ಹಾಕಬೇಕು ಎನ್ನುವುದು ಅತ್ತೆ ಕಲಿಸಿದ ಪಾಠ. ಬಟ್ಟೆಯಿಂದ ಕಿತ್ತು ಬಿದ್ದ ಅಂಗಿ ಗುಂಡಿಗಳನ್ನೂ ಅವಳು ಎಸೆಯುತ್ತಿರಲಿಲ್ಲ. ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಿದ್ದಳು. ಡಬ್ಬಿ ತುಂಬಿ ಮುಚ್ಚಳ ಕೂರುತ್ತಿರಲಿಲ್ಲ.

ಆ ಗುಂಡಿಗಳೇ ಅವಳ ಕೊರಳಿಗೆ ಬಂದವು.

ಪರದೇಶದ ಒಂದು ವಿಶ್ವವಿದ್ಯಾಲಯದಿಂದ ಹನ್ನೆರಡು ಮಂದಿ ಹುಡುಗ ಹುಡುಗಿಯರು ಬಂದರು. ಹದಿನಾರು ದಿನದ ಪ್ರವಾಸ. ಸಮುದಾಯ ಅಭಿವೃದ್ಧಿ ಅವರ ಪಾಠವಂತೆ. ಪುಸ್ತಕದಲ್ಲಿ ಓದಿದ್ದನ್ನು ಜನರ ನಡುವೆ ಮಾಡಿ ನೋಡಬೇಕಂತೆ. ಅದಕ್ಕೆ ಅಂಕ ಉಂಟಂತೆ. ಅವರನ್ನು ಗಲ್ಲಿಗೆ ಕರೆತಂದವಳು ಹಿಂದಿನ ಬೀದಿಯಲ್ಲಿ ಕಚೇರಿಯಿದ್ದ ಸಂಘದ ಮೇಡಂ. ಅವರ ಜೊತೆ ಅವರ ಟೀಚರಮ್ಮ, ತಲೆಯ ಮೇಲೆ ಮೊರದಷ್ಟು ಅಗಲದ ಟೋಪಿ. ಗಲ್ಲಿಯಲ್ಲಿ ಆಕೆ ನಡೆದರೆ ಟೋಪಿಯ ಅಂಚು ಎರಡೂ ಕಡೆಯ ಗೋಡೆಗೆ ತಾಗೀತು ಎಂದು ರೇಡಿಯೋ ಅಜ್ಜಿ ಒಳಗಿನಿಂದಲೇ ಸುದ್ದಿ ಬಿತ್ತರಿಸಿದಳು. ಹುಡುಗಿಯರಲ್ಲಿ ಒಬ್ಬಳು ಬಟ್ಟೆ ಒಣಹಾಕುವ ಗಳದಷ್ಟು ಎತ್ತರ. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು. ಅವಳಿಗೆ ಗಳ ಎಂದೇ ಹೆಸರಾಯಿತು. ಅವಳು ಮೊದಲ ದಿನವೇ ಇಸ್ತ್ರಿಯಕ್ಕನ ಗಾಡಿಯ ಹತ್ತಿರ ನಿಂತು, ಕೆಂಡದ ಮೇಲೆ ಬೀಸಣಿಗೆ ಬೀಸಿ, ಬೂದಿಯನ್ನೆಲ್ಲ ತನ್ನ ಮುಖಕ್ಕೇ ಎರಚಿಕೊಂಡು ಬಿದ್ದು ಬಿದ್ದು ನಕ್ಕಿದ್ದಳು. ಒಂದೇ ಒಂದು ಮಾತು ಕಲಿತಿದ್ದಳು, "ಅಮ್ಮಾ." ಬೇಕಾದ್ದಕ್ಕೂ ಅದೇ, ಬೇಡದ್ದಕ್ಕೂ ಅದೇ.

ನಾಲ್ಕನೆಯ ದಿನ ಸಭೆ. ಗಲ್ಲಿಯ ಬಾಯಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗಲ್ಲಿಯ ನಕ್ಷೆ ಬರೆದರು. ಒಂದು ಕಡೆ ಒಂಬತ್ತು ಮನೆ, ಇನ್ನೊಂದು ಕಡೆ ಎಂಟು ಮನೆ, ಇಸ್ತ್ರಿಯಕ್ಕನ ಎದುರಿಗೆ ಮಾತ್ರ ಉಗ್ರಾಣದ ಕಿಟಕಿಯಿಲ್ಲದ ಬೆನ್ನುಗೋಡೆ. ಗಲ್ಲಿಯವರು ಎಲ್ಲಿ ಕೊರತೆ ಇದೆ ಅನ್ನಿಸುತ್ತದೋ ಅಲ್ಲಿ ಗುರುತು ಇಡಬೇಕು. ಹೆಚ್ಚು ಗುರುತು ಬಿದ್ದ ಕಡೆ ವಿದ್ಯಾರ್ಥಿಗಳು ಏನಾದರೂ ಕಟ್ಟಿಕೊಡುತ್ತಾರೆ. ಇದು ಅವರು ಕೆಲಸ ಮಾಡುವ ರೀತಿ. ಜನರೇ ಹೇಳಬೇಕು, ಹೊರಗಿನವರು ಹೇಳಬಾರದು. ಗುರುತಿಗೆ ಏನಿಡುವುದು ಎಂದು ಮೇಡಂ ಅತ್ತಿತ್ತ ನೋಡಿದಾಗ ರೇಡಿಯೋ ಅಜ್ಜಿ ಒಳಗಿನಿಂದ ಕೂಗಿದಳು, "ನಮ್ಮನೇಲಿ ಡಬ್ಬಿ ತುಂಬಾ ಗುಂಡಿ ಇದೆ, ತಗೊಂಡು ಹೋಗಿ!"

ತಲೆಗೆ ಮೂರರಂತೆ ಗುಂಡಿ ಹಂಚಿದರು. ಆದರೆ ಇಡುವವರು ಯಾರು? ತನ್ನ ಮನೆಯ ಮುಂದೆ ಇಟ್ಟರೆ ಪಕ್ಕದವರು ಆಸೆಬುರುಕ ಎಂದಾರು, ಬೇರೆಯವರ ಮನೆಯ ಮುಂದೆ ಇಟ್ಟರೆ ಅವರಿಗೇನೋ ಕೊರತೆ ಎಂದು ಆಡಿಕೊಂಡಂತೆ ಆದೀತು. ಹದಿನೇಳು ಮನೆಯವರೂ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಅಷ್ಟರಲ್ಲಿ ಇಸ್ತ್ರಿಯಕ್ಕ ಬೀದಿಯ ಮೂಲೆಯ ಮರದಡಿಯಿಂದ ಓಡಿಬಂದಳು. ಮಸಿ ಕೈ, ಬೆವರು ಮುಖ. ಮೇಡಂ ವಿವರಿಸಿದ್ದು ಒಂದೂ ಅವಳ ಕಿವಿಗೆ ಬಿದ್ದಿರಲಿಲ್ಲ. ಗಳ ಅವಳ ಕೈಗೆ ಮೂರು ಗುಂಡಿ ಇಟ್ಟು ನಕ್ಷೆಯ ಕಡೆ ಬೆರಳು ತೋರಿಸಿದಳು. ಪಾಪ, ನಿನ್ನ ಮನೆ ಎಲ್ಲಿ ಎಂದು ಕೇಳುತ್ತಿದೆ ಮಗು ಎಂದುಕೊಂಡ ಇಸ್ತ್ರಿಯಕ್ಕ, ಬಗ್ಗಿ, ಮನೆಗಳನ್ನು ಒಂದೊಂದಾಗಿ ಎಣಿಸಿ, ತನ್ನ ಬಾಗಿಲೆದುರಿಗೆ ಮೂರೂ ಗುಂಡಿಯನ್ನು ಸಾಲಾಗಿ ಇಟ್ಟಳು. ಎದೆಯುಬ್ಬಿಸಿ, "ಇದು ನಮ್ಮನೆ" ಎಂದಳು.

ಅದನ್ನು ನೋಡಿದ ಮೊದಲ ಮನೆಯ ಅಂಚೆಯಣ್ಣನಿಗೆ, ನಿವೃತ್ತನಾದರೂ ಯಾರದ್ದು ಯಾರಿಗೆ ಸೇರಬೇಕೋ ಸೇರಿಸಿದ ಹೊರತು ಸಮಾಧಾನವಿಲ್ಲದ ಮನುಷ್ಯನಿಗೆ, ದಾರಿ ಸಿಕ್ಕಿತು. "ಗುಂಡಿ ಅವಳದ್ದು ತಾನೇ? ಅವಳ ಮನೆ ಮುಂದೇ ಇಟ್ಟುಬಿಡೋಣ, ಆಮೇಲೆ ಆರಿಸಿಕೊಳ್ಳೋಕೆ ಅವಳಿಗೂ ಸುಲಭ" ಎಂದು ತನ್ನ ಮೂರನ್ನೂ ಅಲ್ಲೇ ಇಟ್ಟ. ಸರಿ, ಕಟ್ಟೆ ಒಡೆದ ಹಾಗೆ ಎಲ್ಲರೂ ಬಂದರು. ಎರವಲು ತಂದ ಪಾತ್ರೆಯನ್ನು ತೊಳೆದು ವಾಪಸ್ಸು ಕೊಡುವ ಮರ್ಯಾದೆ ಇದ್ದ ಗಲ್ಲಿ ಅದು. ಅವಳ ಗುಂಡಿಯನ್ನು ಅವಳಿಗೆ ಮರಳಿಸಿದೆವು ಎಂದು ನೆಮ್ಮದಿಯಿಂದ ಕೈ ಒರೆಸಿಕೊಂಡರು. ಇಸ್ತ್ರಿಯಕ್ಕನ ಬಾಗಿಲೆದುರು ಗುಂಡಿಯ ಗುಡ್ಡೆ ಬಿತ್ತು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಟೋಪಿ ಟೀಚರಮ್ಮ ಗದ್ಗದಿತಳಾಗಿ, ಇಷ್ಟು ಒಗ್ಗಟ್ಟು ತಾನು ಇಪ್ಪತ್ತು ವರ್ಷದಲ್ಲಿ ಯಾವ ದೇಶದಲ್ಲೂ ನೋಡಿಲ್ಲ ಎಂದಳಂತೆ.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಯಿತು.

ಮರುದಿನ ಇಟ್ಟಿಗೆ ಬಂತು, ಸಿಮೆಂಟು ಬಂತು. ನಿಮ್ಮ ಮನೆಯ ಮುಂದಿನ ಕೆಲಸ, ನೀವು ಆಚೆ ಹೋಗಬಾರದು ಎಂದು ಮೇಡಂ ಇಸ್ತ್ರಿಯಕ್ಕನನ್ನು ಮನೆಯಲ್ಲೇ ನಿಲ್ಲಿಸಿದಳು. ಗಾಡಿ ಒಳಗೇ ಉಳಿಯಿತು. ಮೊದಲ ಇಟ್ಟಿಗೆಯನ್ನು ಅವಳ ಕೈಯಿಂದಲೇ ಇಡಿಸಿದರು. ಉಗ್ರಾಣದ ಗೋಡೆ ರಿಪೇರಿ ಇರಬೇಕು ಎಂದುಕೊಂಡೇ ಇಟ್ಟಳು. ಎರಡನೆಯ ಸಾಲು ಬಂದಾಗ ಇದು ಗೋಡೆಯಲ್ಲ, ಗೋಡೆಗಂಟಿದ ಕೂರುವ ಕಟ್ಟೆ ಎಂದು ಗೊತ್ತಾಯಿತು. ಅಗಲ ಎಷ್ಟು ಎಂದು ಕಣ್ಣಲ್ಲೇ ಅಳೆದಳು. ಬಡಗಿಯ ಹೆಂಡತಿ, ಕಣ್ಣಳತೆ ತಪ್ಪದು. ಒಂದೂವರೆ ಅಡಿ. ಆರರಲ್ಲಿ ಒಂದೂವರೆ ಹೋದರೆ ನಾಲ್ಕೂವರೆ. ಗಾಡಿ ಐದೂವರೆ.

ಮೇಡಂ ಹತ್ತಿರ ಹೋಗಿ ಮೆಲ್ಲಗೆ, "ಮೇಡಂ, ನನ್ನ ಗಾಡಿ..." ಎಂದಳು.

"ಗಾಡಿಗೇನಮ್ಮ? ನಿಮ್ಮ ಬಾಗಿಲು ಬಿಟ್ಟು ಆ ಕಡೆ ಗೋಡೆಗೇ ತಾನೇ ಕಟ್ತಿರೋದು."

"ತಿರುಗೋಕೆ ಆಗಲ್ಲ ಮೇಡಂ."

"ಅಯ್ಯೋ, ಐವತ್ತು ಗುಂಡಿ ಬಿದ್ದಿದೆ ನಿಮ್ಮ ಬಾಗಿಲಿಗೆ. ಮೊದಲು ಇಟ್ಟೋರು ಯಾರು? ನೀವೇ! ಈಗ ಬೇಡ ಅಂದ್ರೆ ಅವರೇನು ತಿಳ್ಕೋತಾರೆ? ಆ ಮಕ್ಕಳ ಕೈ ನೋಡಿ ಒಂದ್ಸಲ."

ನೋಡಿದಳು. ಗಳದ ಅಂಗೈಯಲ್ಲಿ ಸಾಲಾಗಿ ಬೊಬ್ಬೆ. ಆ ಹುಡುಗಿ ಬೊಬ್ಬೆಯನ್ನು ಪದಕದ ಹಾಗೆ ಎತ್ತಿ ತೋರಿಸಿ "ಅಮ್ಮಾ" ಎಂದು ನಕ್ಕಳು. ಇಸ್ತ್ರಿಯಕ್ಕ ಒಳಗೆ ಹೋಗಿ, ಮೆದುವಾದ ಹಳೆಯ ಅಂಗಿಯ ಬಟ್ಟೆ ಹರಿದು ತಂದು, ಆ ಅಂಗೈಗೆ ಪಟ್ಟಿ ಕಟ್ಟಿದಳು. ಪಟ್ಟಿ ಕಟ್ಟಿದ ಕೈ ಮತ್ತೆ ಕರಣೆ ಹಿಡಿಯಿತು.

ಹತ್ತು ದಿನ ಹೊಸ್ತಿಲಲ್ಲಿ ನಿಂತು, ತನ್ನನ್ನು ಒಳಗಿಟ್ಟು ಗೋಡೆ ಎಬ್ಬಿಸುತ್ತಿರುವುದನ್ನು ನೋಡಿದಳು. ಒಂದೊಂದು ಸಾಲಿಗೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡಳು. ನುಂಗಲಾರದ ಉಗುಳಲಾರದ ಬಿಸಿತುಪ್ಪ. ಕೊನೆಗೆ ಒಡೆದ ಬಳೆ, ಗಾಜಿನ ಚೂರು ಎಲ್ಲ ಅಂಟಿಸಿ ಕಟ್ಟೆಗೆ ಬಣ್ಣದ ಹೂವು ಮಾಡಿದರು. ಅಂದವಾಗಿಯೇ ಇತ್ತು. ಹದಿನಾರನೆಯ ದಿನ ಎಲ್ಲರೂ ಅವಳನ್ನು ತಬ್ಬಿಕೊಂಡು ಅತ್ತು ವಿಮಾನ ಹತ್ತಿದರು.

ಅವರು ಹೋದ ಮರುದಿನ ಬೆಳಗ್ಗೆ ಗಾಡಿ ತಳ್ಳಿದಳು. ಚಕ್ರ ಕಟ್ಟೆಗೆ ಹೊಡೆಯಿತು. ಗಾಡಿಯ ಹಿಂಭಾಗ ಇನ್ನೂ ಬಾಗಿಲ ಚೌಕಟ್ಟಿನ ಒಳಗೇ. ಗಲ್ಲಿಯವರಿಗೆ ಆಗ ಅರ್ಥವಾಯಿತು. ಅಯ್ಯಯ್ಯೋ ಎಂದರು. ನಾಲ್ಕು ಜನ ಗಂಡಸರು ಕೈಹಾಕಿ ಗಾಡಿಯನ್ನು ಎತ್ತಿ ಕಟ್ಟೆಯ ಮೇಲಿನಿಂದ ಹೊರಳಿಸಿ ಕೊಟ್ಟರು. "ಇದೇನು ಮಹಾ, ದಿನಾ ಎತ್ತಿಕೊಡ್ತೀವಿ ಬಿಡಕ್ಕ!" ಎಂದರು. ಎರಡನೆಯ ದಿನ ಮೂವರು ಬಂದರು. ಮೂರನೆಯ ದಿನ ಇಬ್ಬರು ಬಂದು, ಇಬ್ಬರಿಂದ ಆಗದು ಎಂದು ಹೋದರು. ನಾಲ್ಕನೆಯ ದಿನ ಎಲ್ಲರ ಮನೆಯ ಬಾಗಿಲೂ ತಡವಾಗಿ ತೆರೆಯಿತು. ಗಾಡಿಯನ್ನು ಮೂಲೆಯಲ್ಲೇ ಬಿಟ್ಟು ಬರೋಣವೆಂದರೆ, ಕತ್ತಲಾದ ಮೇಲೆ ಬೀದಿಯಲ್ಲಿ ಉಳಿದ ಗಾಡಿಗಳನ್ನು ನಗರಸಭೆಯವರು ಲಾರಿಗೆ ಹೇರಿಕೊಂಡು ಹೋಗುತ್ತಿದ್ದರು.

ಸಂಘದ ಮೇಡಂ ಹತ್ತಿರ ಹೋದರೆ, "ಮುಂದಿನ ವರ್ಷ ಎರಡನೇ ತಂಡ ಬರುತ್ತೆ, ಕಟ್ಟೆಯಿಂದ ಏನು ಬದಲಾವಣೆ ಆಯ್ತು ಅಂತ ನೋಡೋಕೆ. ಅಲ್ಲೀವರೆಗೆ ಒಂದು ಇಟ್ಟಿಗೆ ಕೂಡ ಅಲ್ಲಾಡಬಾರದು. ವರದಿ ಆಗಿ ಫೋಟೋ ಹೋಗಿಬಿಟ್ಟಿದೆ. ಅವರು ಬಂದಾಗ ನೀವೇ ಹೇಳಿ" ಎಂದಳು.

ಆ ವರ್ಷ ಇಸ್ತ್ರಿಯಕ್ಕ ಮನೆಯೊಳಗೇ ಇಸ್ತ್ರಿ ಮಾಡಿದಳು. ನಡುಮನೆಯ ತುಂಬ ಗಾಡಿ. ಗಾಡಿಗೂ ಗೋಡೆಗೂ ನಡುವೆ ಒಂದು ಆಳು ಅಡ್ಡಡ್ಡ ನಿಲ್ಲುವಷ್ಟು ಸಂದಿ. ಆ ಸಂದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ. ಕೆಂಡದ ಝಳ ಮಾಡಿಗೆ ಹೊಡೆದು ಅವಳ ನೆತ್ತಿಗೇ ಇಳಿಯುತ್ತಿತ್ತು. ಮರದಡಿಯಲ್ಲಿ ಹನ್ನೊಂದು ವರ್ಷ ಬೀದಿಯ ಗಾಳಿ ಕುಡಿದ ಜೀವ, ಮಧ್ಯಾಹ್ನದ ಹೊತ್ತಿಗೆ ಬಾಯಿ ತೆರೆದು ಉಸಿರಾಡುತ್ತಿತ್ತು. ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು ತರಬೇಕು, ಹೊತ್ತು ಕೊಡಬೇಕು. ಮೂಲೆಯ ಹತ್ತಿರ ಹೋದಾಗಲೆಲ್ಲ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಅಲ್ಲಿ ಅವಳ ಮರದಡಿ ಯಾರೋ ಕರೆಂಟಿನ ಇಸ್ತ್ರಿಪೆಟ್ಟಿಗೆಯವನು ಬಂದು ನಿಂತಿದ್ದ. ಒಂದು ದಿನ ಲಾಡ್ಜಿನ ಮ್ಯಾನೇಜರು ಬೆಡ್‌ಶೀಟನ್ನು ಮೂಗಿಗೆ ಹಿಡಿದು, "ಹೊಗೆ ವಾಸನೆ ಕಣಮ್ಮ. ಬಂದವರು ಬೆಂಕಿ ಬಿದ್ದಿದೆ ಅಂತ ಕೆಳಗಿಳಿದು ಓಡಿ ಬರ್ತಾರೆ" ಎಂದ. ತಮಾಷೆಗೇ ಹೇಳಿದ. ಆದರೆ ಅರ್ಧ ಬೆಡ್‌ಶೀಟು ಅಂದಿನಿಂದ ಕರೆಂಟಿನವನ ಪಾಲಾಯಿತು.

ರಾತ್ರೋರಾತ್ರಿ ಹಾರೆ ಹಿಡಿದು ಒಡೆದುಹಾಕಿದ್ದರೆ ಆಗುತ್ತಿತ್ತು ಎಂದು ಯಾರಾದರೂ ಅಂದಾರು. ಮೇಡಂ ಹೆದರಿಕೆ ಒಂದೇ ಆಗಿದ್ದರೆ ಅವಳೂ ಹಾಗೆ ಮಾಡುತ್ತಿದ್ದಳೋ ಏನೋ. ಆದರೆ ಕಟ್ಟೆಯ ಮೇಲೆ ಅತ್ತೆ ಕೂತಿದ್ದಳು.

ಕಟ್ಟೆಯ ಎತ್ತರ ಅತ್ತೆಯ ಮೊಣಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಮಂಚದಿಂದ ಎದ್ದು, ಗಾಡಿಯ ಅಂಚು ಹಿಡಿದು, ಚೌಕಟ್ಟು ಹಿಡಿದು, ನಾಲ್ಕು ಹೆಜ್ಜೆ. ಆರು ವರ್ಷದ ಮೇಲೆ ಅವಳು ಮೊದಲ ಸಲ ತಲೆ ಎತ್ತಿ ಆಕಾಶ ನೋಡಿ, "ಅಯ್ಯೋ, ಅದಿನ್ನೂ ಅಲ್ಲೇ ಇದೆಯಾ!" ಎಂದಿದ್ದಳು. ಇಡೀ ಗಲ್ಲಿ ನಕ್ಕಿತ್ತು. ಬೆಳಗಿನ ಬಿಸಿಲಿನಿಂದ ದೀಪ ಹಚ್ಚುವವರೆಗೆ ಕಟ್ಟೆಯೇ ಅವಳ ಮನೆ. ಅಂಚೆಯಣ್ಣ ಪಕ್ಕದಲ್ಲಿ ಕೂತು ಪೇಪರು ಓದಿ ಹೇಳುತ್ತಿದ್ದ. ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಮಕ್ಕಳು ಲೆಕ್ಕ ಬಿಡಿಸುತ್ತಿದ್ದರು. ಅತ್ತೆಯ ಮುಖದಲ್ಲಿ ರಕ್ತ ಆಡಿತು. ಒಳಗೆ ಸೊಸೆ, ಹೊರಗೆ ಅತ್ತೆ. ಹೊಗೆಯ ನಡುವಿನಿಂದ ಇಸ್ತ್ರಿಯಕ್ಕ ಬಾಗಿಲಿನ ಚೌಕದಲ್ಲಿ ಅತ್ತೆ ನಗುವುದನ್ನು ನೋಡುತ್ತಿದ್ದಳು. ಮೊದಲು ಅತ್ತೆ ಒಳಗಿನಿಂದ ಗಲ್ಲಿ ನೋಡುತ್ತಿದ್ದ ಜಾಗ ಅದು. ಈಗ ಅಲ್ಲಿ ಇವಳು. ಅತ್ತ ದರಿ, ಇತ್ತ ಪುಲಿ.

ಅತ್ತೆಗೆ ತಿಳಿಯದೆ ಇರಲಿಲ್ಲ. ಬಾಯಿಬಡುಕಿಯಾದರೂ ಕಣ್ಣು ಚುರುಕು. "ಕೆಮ್ಮು ಜಾಸ್ತಿ ಆಯ್ತು ನಿನಗೆ" ಎನ್ನುತ್ತಿದ್ದಳು.

"ಹವಾ ಸರಿಯಿಲ್ಲ ಅತ್ತೆ."

"ಹವಾ ಇಲ್ಲಿ ಚೆನ್ನಾಗೇ ಇದೆ. ನಿನಗೆ ಮಾತ್ರ ಬೇರೆ ಹವಾ ಬರುತ್ತಾ?"

ಇಸ್ತ್ರಿಯಕ್ಕ ಕಾಲರಿನ ಮೇಲೆ ಪೆಟ್ಟಿಗೆ ಒತ್ತುತ್ತಿದ್ದಳು. ತಂಡ ಬರಲಿ, ಹೇಳುತ್ತೇನೆ ಎನ್ನುವುದೊಂದೇ ಅವಳಿಗೆ ಉಳಿದ ಕಿಂಡಿ. ಹೇಳಬೇಕಾದ ಮಾತನ್ನು ಬಟ್ಟೆಯ ಮೇಲೆಯೇ ನೂರು ಸಲ ಹೇಳಿ ಮಡಿಕೆ ಹಾಕಿಟ್ಟಿದ್ದಳು.

ವರ್ಷ ತುಂಬಿತು. ತಂಡ ಬಂತು. ಟೋಪಿ ಟೀಚರಮ್ಮ ಅವಳೇ, ಮಕ್ಕಳು ಬೇರೆ, ಗಳ ಬಂದಿರಲಿಲ್ಲ. ಇಸ್ತ್ರಿಯಕ್ಕನನ್ನು ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂರಿಸಿ ಕ್ಯಾಮೆರಾ ಇಟ್ಟರು. ಗಲ್ಲಿಯೆಲ್ಲ ಸುತ್ತ ನೆರೆಯಿತು. ಕಟ್ಟೆ ಬಂದ ಮೇಲೆ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು ಎಂದು ಒಬ್ಬ ವಿದ್ಯಾರ್ಥಿ ಕೇಳಿದ, ಮೇಡಂ ಅದನ್ನು ಇವಳಿಗೆ ಹೇಳಿದಳು.

ಇಸ್ತ್ರಿಯಕ್ಕ ಸೆರಗು ಸರಿಮಾಡಿಕೊಂಡು ಹೇಳಿದಳು: "ಕಟ್ಟೆ ಚೆನ್ನಾಗಿದೆ. ನಮ್ಮತ್ತೆ ಆಚೆ ಬಂದ್ರು, ಅದು ನಿಮ್ಮಿಂದ. ಆದ್ರೆ ಇದು ಬಂದಮೇಲೆ ನನ್ನ ಗಾಡಿ ಆಚೆ ಬರ್ತಿಲ್ಲ. ತಿರುಗೋಕೆ ಜಾಗ ಇಲ್ಲ. ಒಂದು ವರ್ಷದಿಂದ ಒಳಗೇ ಕೆಂಡದ ಜೊತೆ ಇದ್ದೀನಿ. ನನ್ನ ಮೂಲೆ ಹೋಯ್ತು, ಗಿರಾಕಿ ಹೋದ್ರು. ಅವತ್ತು ನಾನು ಗುಂಡಿ ಇಟ್ಟಿದ್ದು ನಮ್ಮನೆ ಅಂತ ತೋರಿಸೋಕೆ, ಕಟ್ಟೆ ಬೇಕು ಅಂತ ಅಲ್ಲ. ತಪ್ಪು ನನ್ನದೇ. ಏನಾದ್ರೂ ಮಾಡಿ."

ಮೇಡಂ ಆ ಕಡೆ ತಿರುಗಿ ಅವರ ಭಾಷೆಯಲ್ಲಿ ಒಂದೇ ಒಂದು ಸಾಲು ಹೇಳಿದಳು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಕೇಳಿದ ಮೇಲೆ ಇಸ್ತ್ರಿಯಕ್ಕನಿಗೆ ಮಾತಿಗೂ ಬಾಗಿಲು ಇಲ್ಲ ಎಂದು ಗೊತ್ತಾಯಿತು. ಮುಖ ಕಪ್ಪಿಟ್ಟಿತು. ಆದರೆ ಪಕ್ಕದಲ್ಲಿ ಕೂತಿದ್ದದ್ದು ರೇಡಿಯೋ.

"ಏನಮ್ಮಾ ಮೇಡಂ, ಅವಳು ಹೇಳಿದ್ದು ಇಷ್ಟುದ್ದ, ನೀನು ಹೇಳಿದ್ದು ಗೇಣುದ್ದ. ಉಳಿದ ಮಾತು ಎಲ್ಲಿ ಗಂಟು ಕಟ್ಟಿಟ್ಟೆ, ಸೆರಗಿನಲ್ಲಾ?"

ಗಲ್ಲಿ ಗೊಳ್ಳೆಂದಿತು. ಮೇಡಂ ಕೆಂಪಾಗಿ, "ಅಜ್ಜಿ, ಎಲ್ಲಾ ಹೇಳೋಕೆ ಟೈಮಿಲ್ಲ, ಮುಖ್ಯವಾದ್ದು ಹೇಳಿದೆ" ಎಂದಳು.

"ಗಾಡಿಯಷ್ಟು ಮುಖ್ಯವಾದ್ದು ಅದರಲ್ಲಿ ಇನ್ನೇನಿತ್ತು?" ಎಂದ ಅತ್ತೆ ಸೊಸೆಯ ಕಡೆ ತಿರುಗಿ, "ಎದ್ದೇಳೇ. ಬಾಯಲ್ಲಿ ಹೇಳಿದ್ದು ಸಾಕು. ಗಾಡಿ ತಳ್ಳು ಹೋಗು" ಎಂದಳು.

ಇಸ್ತ್ರಿಯಕ್ಕ ಒಳಗೆ ಹೋದಳು. ಕೆಂಡದ ಪೆಟ್ಟಿಗೆ ಇಳಿಸಿ, ಗಾಡಿಯ ಹಿಂದೆ ನಿಂತು, ವರ್ಷದ ಸಿಟ್ಟನ್ನೆಲ್ಲ ಕೂಡಿಸಿ ನೂಕಿದಳು. ಚಕ್ರ ಬಂದು ಕಟ್ಟೆಯ ಗಾಜಿನ ಹೂವಿಗೆ ಢಣ್ಣನೆ ಹೊಡೆಯಿತು. ಎಡಕ್ಕೆ ಎಳೆದಳು, ಬರಲಿಲ್ಲ. ಬಲಕ್ಕೆ ಎಳೆದಳು, ಬರಲಿಲ್ಲ. ಗಾಡಿಯ ಹಿಂಭಾಗ ಚೌಕಟ್ಟಿನಲ್ಲಿ ಸಿಕ್ಕಿಕೊಂಡು, ಅವಳು ಒಳಗೆ, ಜನ ಹೊರಗೆ. ಗಾಡಿಯ ಆಚೆಯಿಂದ ಅವಳ ಮುಖ ಮಾತ್ರ ಕಾಣುತ್ತಿತ್ತು. ಇದಕ್ಕೆ ಯಾರ ತರ್ಜುಮೆಯೂ ಬೇಕಾಗಲಿಲ್ಲ. ಟೀಚರಮ್ಮ ಟೋಪಿ ತೆಗೆದಳು. ಅವಳ ತಲೆ ಅರ್ಧ ನೆರೆತಿದೆ ಎಂದು ಗಲ್ಲಿಗೆ ಆಗಲೇ ತಿಳಿದದ್ದು. ಕಣ್ಣಲ್ಲಿ ನೀರು. ಇವತ್ತೇ, ಈಗಲೇ ಒಡೆಯೋಣ ಎಂದಳಂತೆ. ಆದರೆ ಅದಕ್ಕೂ ಅವರದ್ದೊಂದು ರೀತಿ ಇತ್ತು: ಕಟ್ಟೆ ಗಲ್ಲಿಯದು, ಗಲ್ಲಿಯೇ ತೀರ್ಮಾನಿಸಬೇಕು. ಒಡೆಯಲಿ ಎನ್ನುವವರು ಕೈ ಎತ್ತಿ.

ಎಲ್ಲರೂ ತಮ್ಮ ತಮ್ಮ ಕಾಲ ಬೆರಳು ನೋಡಿಕೊಂಡರು.

ಅಂಚೆಯಣ್ಣ ಗಂಟಲು ಸರಿಮಾಡಿಕೊಂಡು, "ಅಲ್ಲಾ, ಒಡೆಯೋದೇ ಯಾಕೆ? ನಾವು ದಿನಾ ಗಾಡಿ ಎತ್ತಿಕೊಡ್ತೀವಿ" ಎಂದ.

"ಹೌದಪ್ಪಾ, ಹೋದ ವರ್ಷ ಎತ್ತಿದ ಆಯಾಸ ಇನ್ನೂ ಆರಿಲ್ಲ ನಿಮಗೆ" ಎಂದಳು ಅತ್ತೆ.

"ಮೂರು ಮನೆ ಆಚೆ ಹೊಸದು ಕಟ್ಟಿಕೊಡಲಿ" ಎಂದಳು ಒಬ್ಬಳು. "ನಮ್ಮ ಬಾಗಿಲಿಗಾ? ಬೇಡಪ್ಪ!" ಎಂದಿತು ಮೂರನೆಯ ಮನೆ. ಉಗ್ರಾಣದ ಬೆನ್ನು ಬಿಟ್ಟರೆ ಬರೀ ಗೋಡೆ ಗಲ್ಲಿಯಲ್ಲಿ ಇರಲೇ ಇಲ್ಲ.

ಮೊದಲು ಎದ್ದ ಕೈ ರೇಡಿಯೋ ಅಜ್ಜಿಯದು. ಕಟ್ಟೆಯ ಮೇಲೆ ಕೂತೇ, ಒಣಗಿದ ತೋಳನ್ನು ನೆಟ್ಟಗೆ ಎತ್ತಿದಳು. ಆಮೇಲೆ ಬೀಗ ರಿಪೇರಿಯ ಮಾವನೊಬ್ಬ ಅರ್ಧಂಬರ್ಧ ಎತ್ತಿದ. ಇನ್ನು ಒಂದಿಷ್ಟು ಕೈಗಳು ಎದೆಯವರೆಗೆ ಬಂದು ನಿಂತವು. ಎಲ್ಲರೂ ಇಸ್ತ್ರಿಯಕ್ಕನ ಕಡೆ ನೋಡುತ್ತಿದ್ದರು. ಅವಳು ಎತ್ತಿದರೆ ನಾವೂ ಎತ್ತುತ್ತೇವೆ ಎನ್ನುವ ಹಾಗೆ. ಗುಂಡಿಯ ದಿನವೂ ಹೀಗೇ ಅವಳ ಮೊದಲ ಕೈಗೆ ಕಾದಿದ್ದ ಜನ.

ಇಸ್ತ್ರಿಯಕ್ಕ ಗಾಡಿಯ ಹಿಡಿ ಹಿಡಿದುಕೊಂಡು ನಿಂತಿದ್ದಳು. ಎದುರಿಗೆ ಅತ್ತೆಯ ಎತ್ತಿದ ಕೈ. ಆ ಕೈಯ ಕೆಳಗೆ, ಬಿಸಿಲಿಗೆ ಚಾಚಿದ ಎರಡು ಊದಿದ ಮೊಣಕಾಲು. ಒಡೆದರೆ ಗಾಡಿ ಆಚೆ ಬರುತ್ತದೆ, ಅತ್ತೆ ಒಳಗೆ ಹೋಗುತ್ತಾಳೆ. ಆ ಮಂಚಕ್ಕೆ. ಆ ಬಾಗಿಲಿನಷ್ಟೇ ಗಲ್ಲಿಗೆ. ಒಳಗೆ ಇರುವುದೆಂದರೆ ಏನು ಎಂದು ಇಸ್ತ್ರಿಯಕ್ಕನಿಗೆ ಹೋದ ವರ್ಷವಾದರೆ ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಒಂದು ವರ್ಷಕ್ಕೇ ಹೀಗಾದರೆ ಆರು ವರ್ಷಕ್ಕೆ ಹೇಗಿರಬೇಡ?

"ಕೈ ಎತ್ತೇ ಹುಚ್ಚಿ!" ಎಂದಳು ಅತ್ತೆ.

ಕೈ ಏಳಲಿಲ್ಲ.

"ಎತ್ತೇ ಅಂದ್ರೆ! ನನ್ನ ಕೈ ನೋಯ್ತಿದೆ."

"ನಿಮ್ಮ ಕೈ ಇಳಿಸಿ ಅತ್ತೆ" ಎಂದಳು ಇಸ್ತ್ರಿಯಕ್ಕ.

ಎದೆಯವರೆಗೆ ಬಂದಿದ್ದ ಕೈಗಳು ಮೆಲ್ಲಗೆ ಇಳಿದವು. ಬೀಗದ ಮಾವ ತನ್ನ ಕೈಯಿಂದ ಕಿವಿ ಕೆರೆದುಕೊಂಡ. ಕಟ್ಟೆ ಉಳಿಯಿತು. ಇದೂ ಒಂದು ಪಾಠ ಎಂದು ಟೀಚರಮ್ಮ ಹೇಳಿದಳಂತೆ, ಮಕ್ಕಳು ಪುಸ್ತಕದಲ್ಲಿ ಬರೆದುಕೊಂಡರು.

ತಂಡ ಇನ್ನೂ ಗಲ್ಲಿಯಲ್ಲಿ ಇರುವಾಗಲೇ ಇಸ್ತ್ರಿಯಕ್ಕ ಗಂಡನ ಜೊತೆ ಕೆಲಸ ಮಾಡುತ್ತಿದ್ದ ಬಡಗಿಯನ್ನು ಕರೆಸಿದಳು. ಅವನು ಗಾಡಿಯ ಸುತ್ತ ಎರಡು ಸುತ್ತು ಬಂದು, ಹಲಗೆಯ ಮೇಲೆ ಕೈಯಾಡಿಸಿ, "ಅವನ ಕೆಲಸಕ್ಕೆ ಗರಗಸ ಹಾಕೋಕೆ ನನ್ನನ್ನೇ ಕರೀಬೇಕಿತ್ತಾ ಅತ್ತಿಗೆ?" ಎಂದ.

"ಬೇರೆಯವರು ಹಾಕಿದ್ರೆ ಸೊಟ್ಟ ಕೊಯ್ತಾರೆ. ನಾಲ್ಕಡಿ ಉಳಿಸು ಸಾಕು."

"ಬೆಡ್‌ಶೀಟು ಮಲಗಲ್ಲ ಆಮೇಲೆ."

"ಅಂಗಿ ಮಲಗುತ್ತೆ."

ಅತ್ತೆ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು, ಗರಗಸದ ಸದ್ದು ಶುರುವಾದಾಗ ಎದ್ದು ಬಂದು, ಹಲಗೆಯ ತುದಿ ಬಿದ್ದು ಸೀಳಬಾರದು ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಂದೂವರೆ ಅಡಿ ಅವಳ ಕೈಗೇ ಕಳಚಿ ಬಂತು. ಹೆಣ್ಣುಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಆನಿಸಿಕೊಂಡು ನಿಂತಳು. ಎಲ್ಲಿಡುವುದು ಎಂದು ಅವಳಿಗೂ ತೋಚಲಿಲ್ಲ, ಇವಳಿಗೂ ತೋಚಲಿಲ್ಲ.

ಮೋಟು ಗಾಡಿ ಗಲ್ಲಿಗೆ ಬಂತು. ಮರದಡಿ ಕರೆಂಟಿನವನು ಇದ್ದದ್ದರಿಂದ ಇಸ್ತ್ರಿಯಕ್ಕ ಎದುರು ಬದಿಯ ಬಿಸಿಲಿನಲ್ಲಿ ನಿಂತಳು. ತಲೆಯ ಮೇಲೆ ಒದ್ದೆ ಬಟ್ಟೆ. ಬೆಡ್‌ಶೀಟು ಪೂರ್ತಿ ಹೋಯಿತು. ಅಂಗಿಗಳು ಒಂದೊಂದಾಗಿ ಬಂದವು. ಹಳೆಯ ಗಿರಾಕಿಯೊಬ್ಬ, "ಗಾಡಿ ಒಗೆದು ಹಿಂಡಿಬಿಟ್ಟೆಯೇನಮ್ಮ, ಇಷ್ಟು ಸುಕ್ಕಿದೆ?" ಎಂದ. ನಕ್ಕಳು. ಬೀದಿಯ ಗಾಳಿ ಮುಖಕ್ಕೆ ಬಡಿದಾಗ ಕಣ್ಣು ಮುಚ್ಚಿಕೊಂಡಳು. ಆದರೆ ಬೆನ್ನು ಇನ್ನೂ ಹಿಂದೆ ಗೋಡೆ ಇದೆಯೆನ್ನುವ ಹಾಗೆ ಮುದುಡಿಕೊಂಡೇ ಇತ್ತು. ಪೆಟ್ಟಿಗೆ ಎಳೆದಾಗಲೆಲ್ಲ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳುತ್ತಿದ್ದಳು.

ಎಂಟು ದಿನ ಅತ್ತೆ ಕಟ್ಟೆಯ ಮೇಲೆ ಕೂರಲಿಲ್ಲ. ಅಂಚೆಯಣ್ಣ ಪೇಪರು ಹಿಡಿದು ಕರೆದರೂ, "ಕಣ್ಣು ನೋವು" ಎಂದಳು. ಕೇಳಲು ಕಣ್ಣು ಯಾಕೆ ಎಂದು ಕೇಳುವ ಧೈರ್ಯ ಅವನಿಗೆ ಆಗಲಿಲ್ಲ. ಒಂಬತ್ತನೆಯ ಬೆಳಗ್ಗೆ ಇಸ್ತ್ರಿಯಕ್ಕ ಗಾಡಿಯನ್ನು ಗಲ್ಲಿಯಲ್ಲಿ ನಿಲ್ಲಿಸಿ ವಾಪಸ್ಸು ಒಳಗೆ ಬಂದು, ಅತ್ತೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು.

"ಬಿಡೇ, ನಾನು ಬರಲ್ಲ."

"ಬರಬೇಕು. ನನ್ನ ಒಂದೂವರೆ ಅಡಿ ಸುಮ್ಮನೆ ಹೋಗಬೇಕಾ?"

ಅತ್ತೆ ನಾಲ್ಕು ಹೆಜ್ಜೆ ನಡೆದು ಕಟ್ಟೆಯ ಮೇಲೆ ಕೂತಳು. ಸೊಸೆ ಅವಳ ಕಾಲಿನ ಮೇಲೆ ಹೊದಿಕೆ ಹಾಕಿ ಏಳುವಾಗ ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡಳು.

"ನಿಜ ಹೇಳು. ಅವತ್ತು ಯಾಕೆ ಕೈ ಎತ್ತಲಿಲ್ಲ?"

"ಹನ್ನೆರಡು ವರ್ಷ ಪೆಟ್ಟಿಗೆ ಹಿಡಿದು ಹಿಡಿದು ತೋಳು ಮರಗಟ್ಟಿದೆ ಅತ್ತೆ. ಏಳಲಿಲ್ಲ."

"ಸುಳ್ಳಿ" ಎಂದಳು ಅತ್ತೆ. ಆಮೇಲೆ, ಸೊಸೆ ಮನೆಮನೆಯಿಂದ ತಂದ ಅಂಗಿಗಳ ಗಂಟನ್ನು ಇಡಲು, ಕಟ್ಟೆಯ ಮೇಲೆ ಸ್ವಲ್ಪ ಆಚೆ ಸರಿದು ಜಾಗ ಬಿಟ್ಟಳು.